ಅಡಿಯಲ್ಲಿ ಬಿಟ್ಟ ಬಿಳಿ ಬೊಟ್ಟು

ನಾನು ಅವನನ್ನು ಮೊದಲು ಅನುಮಾನಿಸಿದ್ದು ಬೆಲ್ಲದ ದೆಸೆಯಿಂದ.

ಆಗ ನಾನು ಉದಕಮಂಡಲದಲ್ಲಿ, ಬಂಗಲೆಗಳಿಗೆ ಕುರ್ಚಿ ಮೇಜು ಮಾಡಿ ಮಾರುವ ಒಂದು ಅಂಗಡಿಯಲ್ಲಿ ಉಗ್ರಾಣದ ಗುಮಾಸ್ತನಾಗಿದ್ದೆ. ಮರ, ಮೊಳೆ, ಅಂಟು, ಅರಗು ಎಲ್ಲದರ ಬೀಗದ ಕೈ ನನ್ನ ಸೊಂಟದಲ್ಲಿ. ಅವನು ಬಣ್ಣದ ಮೇಸ್ತ್ರಿ. ಬಡಗಿಗಳು ಕೂಡಿಸಿ ಕೊಟ್ಟ ಬಿಳಿಚು ಮರದ ಸಾಮಾನನ್ನು ಕಪ್ಪಗೆ, ಎಲ್ಲೂ ಕಲೆಯಿಲ್ಲದೆ ಒಂದೇ ಸಮನೆ ಕಪ್ಪಗೆ ಮಾಡಿಕೊಡುವುದು ಅವನ ಕೆಲಸ. ಸೇರಿದ ವಾರದಲ್ಲೇ ನನ್ನ ಬಾಗಿಲಿಗೆ ಬಂದು ನಿಂತ.

"ಎಲ್ಡು ಅಚ್ಚು ಬೆಲ್ಲ ಬೇಕಿತ್ತು ಬುದ್ದಿ."

"ಬೆಲ್ಲ ಯಾಕೆ? ಕುರ್ಚಿಗೆ ಪಾಯಸ ಮಾಡ್ತೀಯಾ?"

"ಕಬ್ಬುಣಕ್ಕ ಬುದ್ದಿ."

ಕಬ್ಬಿಣಕ್ಕೆ ಬೆಲ್ಲ ಎನ್ನುವವನನ್ನು ನಂಬುವುದುಂಟೇ? ಕೊಟ್ಟೆ, ಆದರೆ ಆವತ್ತಿನಿಂದ ಅವನ ಮೇಲೆ ಒಂದು ಕಣ್ಣಿಟ್ಟೆ.

ಅವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹಿಂದೊಮ್ಮೆ ಒಂದು ಕಾಗದದಲ್ಲಿ ಅವನ ಹೆಸರು ಬರೆದು ಕೆಳಗೆ ನನ್ನ ರುಜು ಹಾಕಿದ್ದೇನೆ. ಅವನ ಹೆಸರಿಗೆ ನನ್ನ ಕೈಯಿಂದ ಆದದ್ದು ಅಷ್ಟು ಸಾಕು.

ಅನುಮಾನ ನನ್ನ ಹುಟ್ಟುಗುಣ. ನಮ್ಮಪ್ಪ ಸಂತೆಯಲ್ಲಿ ಆಲೂಗೆಡ್ಡೆ ಮೂಟೆ ಕೊಂಡರೆ ಬಾಯಿ ಬಿಚ್ಚುತ್ತಿರಲಿಲ್ಲ, ಮಗುಚಿ ತಳದ ಹೊಲಿಗೆ ಬಿಚ್ಚುತ್ತಿದ್ದರು. ಒಳ್ಳೆಯದನ್ನು ಎಲ್ಲರೂ ಮೇಲೇ ಇಡುತ್ತಾರೆ, ತಳ ನೋಡು ಎಂದು ನನಗೂ ಕಲಿಸಿದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ನಮ್ಮ ಮನೆಯಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಬರುತ್ತಿತ್ತು. ಹಾಲು ತರುವವನಂತೂ ಅದನ್ನು ಕೇಳಿ ಕೇಳಿ ನಮ್ಮ ಮನೆಗೆ ವರ್ತನೆಯನ್ನೇ ಬಿಟ್ಟ.

ಮೇಸ್ತ್ರಿ ಗುಂಡ್ಲುಪೇಟೆಯ ಕಡೆಯವನು. ಮಸಿನಗುಡಿಯಲ್ಲಿ ನೆಲೆನಿಂತು, ಅಲ್ಲಿಂದ ಸೀಗೂರು ಘಾಟಿ ಹತ್ತಿ ನಮ್ಮೂರಿಗೆ ಬಂದಿದ್ದ. ಗಿಡ್ಡ ಆಳು, ಒಂದು ಹೆಗಲು ಇಳಿಜಾರು. ಉಗುರುಗಳು ಕಪ್ಪು, ಅಂಗೈಯ ಗೆರೆಗಳೂ ಕಪ್ಪು. ತಾನು ಬಣ್ಣ ಕಟ್ಟಿದ ಕುರ್ಚಿಯ ಮೇಲೆ ಅವನು ಒಂದು ದಿನವೂ ಕೂತಿದ್ದನ್ನು ನಾನು ಕಾಣೆ. ಯಾವ ಮೇಜಿನ ಹತ್ತಿರ ಹೋದರೂ ಮೇಲೆ ನೋಡುತ್ತಿರಲಿಲ್ಲ, ಅಡಿಗೆ ಕೈ ಹಾಕಿ ಸವರಿ ನೋಡುತ್ತಿದ್ದ. ಈ ಒಂದು ಗುಣದಲ್ಲಿ ಅವನು ನಮ್ಮಪ್ಪನ ಹಾಗೆಯೇ ಇದ್ದ. ಆಗ ಅದು ನನಗೆ ಹೊಳೆಯಲಿಲ್ಲ.

ಕಾರ್ಖಾನೆಯ ಹಿಂದೆ ಅವನಿಗೊಂದು ಕೊಟ್ಟಿಗೆ ಕೊಟ್ಟಿದ್ದರು. ಅದರ ಮೂಲೆಯಲ್ಲಿ ಗೋಣಿ ಹೊದಿಸಿದ ಒಂದು ದೊಡ್ಡ ಮಣ್ಣಿನ ಜಾಡಿ. ಹತ್ತಿರ ಹೋದರೆ ಹುಳಿವಾಸನೆ. ಕಿವಿಗೊಟ್ಟರೆ ಒಳಗೆ ಬುಸುಬುಸು ನೊರೆ ಏಳುವ ಸದ್ದು. ಬೆಲ್ಲ ಎಲ್ಲಿಗೆ ಹೋಯಿತೆಂದು ನನಗೆ ಆಗ ಗೊತ್ತಾಯಿತು. ಮಗ ಸಾರಾಯಿ ಕೊಳೆಹಾಕಿದ್ದಾನೆ.

ಅವನು ಊಟಕ್ಕೆ ಹೋದ ಹೊತ್ತು ನೋಡಿ ಗೋಣಿ ಎತ್ತಿದೆ. ಕಂದು ನೀರು. ಯಜಮಾನರಿಗೆ ಹೇಳುವ ಮೊದಲು ರುಚಿ ನೋಡಬೇಕಲ್ಲ? ಬೆರಳದ್ದಿ ಒಮ್ಮೆ ನೆಕ್ಕಿದೆ, ತಿಳಿಯಲಿಲ್ಲ. ಅಂಗೈಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡೆ. ತುಕ್ಕಿನ ಬಾವಿಯ ನೀರಿಗೆ ಹುಣಸೆ ಕಿವುಚಿದ ಹಾಗಿತ್ತು. ಉಗಿದೆ. ಆ ರುಚಿ ಹೋಗಲಿ ಎಂದು ಎದುರಿನ ಅಂಗಡಿಗೆ ಹೋಗಿ ಹಾಲಿಲ್ಲದ ಗಟ್ಟಿ ಟೀ ಎರಡು ಲೋಟ ಕುಡಿದೆ. ಇಷ್ಟು ಮಾಡಿ ಮನೆಗೆ ಹೋದಾಗ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿದಳು.

"ಬಾಯಿ ಬಿಡಿ ನೋಡೋಣ. ಹಲ್ಲಿಗೆ ಏನ್ ಬಳಕೊಂಡಿದ್ದೀರ?"

ಕನ್ನಡಿಯಲ್ಲಿ ನೋಡಿದರೆ ಹಲ್ಲು, ನಾಲಗೆ, ತುಟಿಯಂಚು ಎಲ್ಲ ಇದ್ದಿಲು ತಿಂದವನಂತೆ ಕಪ್ಪು. ಬೂದಿ ಹಾಕಿ ತಿಕ್ಕಿದರೂ ಹೋಗಲಿಲ್ಲ. ಮಾರನೆಯ ದಿನ ಬಾಯಿಗೆ ಮಫ್ಲರ್ ಸುತ್ತಿಕೊಂಡು ಕೆಲಸಕ್ಕೆ ಹೋದೆ. ಊಟಿಯ ಚಳಿಯಲ್ಲಿ ಯಾರೂ ಏನೂ ಕೇಳಲಿಲ್ಲ. ಮೇಸ್ತ್ರಿ ಮಾತ್ರ ಬಂದವನೇ ನನ್ನ ಮುಖವನ್ನು ಒಂದು ಗಳಿಗೆ ನೋಡಿದ.

"ಅದ ಕುಡುದ್ಮ್ಯಾಲ ಟೀ ಕುಡುದ್ರಾ ಬುದ್ದಿ?"

ನಾನು ಮಫ್ಲರನ್ನು ಮೂಗಿನವರೆಗೂ ಎಳೆದುಕೊಂಡೆ.

"ಮರಕ್ಕೂ ಹಂಗೇಯ. ಆದ್ರ ಟೀ ಮೊದ್ಲು, ಕಬ್ಬುಣ ಆಮ್ಯಾಲ. ನೀವು ತಿರುಗಾಮುರುಗಾ ಮಾಡ್ಬುಟ್ರಿ. ಮೂರು ದಿನಕ್ಕ ಹೋಯ್ತದ ಬುಡಿ."

ಅವನು ನಗಲಿಲ್ಲ. ಲಾಯದಿಂದ ತಂದ ಹಳೆ ಲಾಳದ ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ವಾರಗಟ್ಟಲೆ ನೆನೆಹಾಕಿದರೆ ಆ ನೀರು ಸಿದ್ಧವಾಗುತ್ತದೆ, ಟೀ ಕುಡಿದ ಮರಕ್ಕೆ ಅದು ಸೋಕಿದರೆ ಮರ ಕಪ್ಪಾಗುತ್ತದೆ ಎಂದು ಅಲ್ಲೇ ನಿಂತು ಹೇಳಿದ. ಇಡೀ ಕಾರ್ಖಾನೆಗೆ ಗೊತ್ತಾಗಿದ್ದರೆ ವರ್ಷಗಟ್ಟಲೆ ನನ್ನನ್ನು ಆಡಿಕೊಳ್ಳುತ್ತಿದ್ದರು. ಅವನು ಒಬ್ಬರ ಹತ್ತಿರವೂ ಬಾಯಿ ಬಿಡಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಇದನ್ನು ಉಪಕಾರ ಎಂದುಕೊಳ್ಳುತ್ತಿದ್ದರು. ನಾನು ಮಾತ್ರ, ಇವನು ಈ ಗುಟ್ಟನ್ನು ಯಾಕೆ ಜೋಪಾನ ಮಾಡುತ್ತಿದ್ದಾನೆ, ಮುಂದೆ ಯಾವುದಕ್ಕೆ ಉಪಯೋಗಿಸಬೇಕೆಂದಿದ್ದಾನೆ ಎಂದು ಲೆಕ್ಕ ಹಾಕುತ್ತಾ ಕೂತೆ.

ಟೀಗಾಗಿ ಅವನು ಬಂಗಲೆಗಳ ಹಿಂಬಾಗಿಲಿಗೆ ತಿರುಗುತ್ತಿದ್ದ. ಕುಡಿದು ಚೆಲ್ಲುವ ಚರಟವನ್ನು ಬಟ್ಲರುಗಳು ಅವನಿಗೆ ಎತ್ತಿಡುತ್ತಿದ್ದರು. ಬಿಸಿಲಿದ್ದ ದಿನ ಅವನು ಬಣ್ಣ ಮುಟ್ಟುತ್ತಲೇ ಇರಲಿಲ್ಲ. ಮರ ಉಜ್ಜುತ್ತಾ, ಇಲ್ಲವೇ ಹೀಗೆ ಚರಟ ಕೂಡಿಸುತ್ತಾ ಇರುತ್ತಿದ್ದ. ಮಂಜು ಇಳಿದು ಎದುರಿನ ಮರ ಕಾಣದ ಹಾಗಾಯಿತೆಂದರೆ ಕೊಟ್ಟಿಗೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಸೀಸನ್ ಮುಗಿದು ಬೀಗ ಬೀಳುವ ಬಂಗಲೆಗಳು, ಹಿಂಬಾಗಿಲಿನ ಗೆಳೆತನ, ಮಂಜು ಬಿದ್ದಾಗ ಮುಚ್ಚುವ ಕದ. ಕಾಮಾಲೆ ಕಣ್ಣಿಗೆ ಇಷ್ಟು ಸಾಲದೇ? ಒಂದು ದಿನ ಅವನ ಹಿಂದೆಯೇ ಮೂರು ಬಂಗಲೆ ನಡೆದೆ. ಒದ್ದೆ ಗಂಟು ಹಿಡಿದು ಬಂದನೇ ಹೊರತು ಮತ್ತೇನೂ ಮಾಡಲಿಲ್ಲ. ನನಗೆ ನೆಗಡಿಯಾಯಿತು.

ಕೊನೆಗೆ ಒಂದು ಮಂಜಿನ ದಿನ ಕದ ತಳ್ಳಿಕೊಂಡು ಒಳಗೆ ಹೋದೆ. ಅವನು ಬೇಡವೆನ್ನಲಿಲ್ಲ.

"ಬನ್ನಿ ಬುದ್ದಿ. ಕದ ಹಾಕ್ಬುಡಿ, ಗಾಳಿ ಆಡಿದ್ರ ಬ್ಯಾಗ ಒಣಗ್ತದ."

ಆವತ್ತು ಕಂಡದ್ದನ್ನು ನಾನು ಮರೆತಿಲ್ಲ. ಮೊದಲು ಬರೀ ನೀರಿನಿಂದ ಕುರ್ಚಿಯನ್ನೆಲ್ಲ ಒರೆಸಿದ. ಕಾಲಿನ ತುದಿ, ತೋಳಿನ ತುದಿ, ಎಲ್ಲೆಲ್ಲಿ ಮರವನ್ನು ಅಡ್ಡ ಕೊಯ್ದಿರುತ್ತದೋ ಅಲ್ಲಿಗೆ ಎರಡೆರಡು ಸಲ. "ಇಲ್ಲಿ ಬಾಯಾರ್ಕ ಜಾಸ್ತಿ. ಮೊದ್ಲೇ ನೀರ ಕೊಟ್ಬುಟ್ರ ಆಮ್ಯಾಲ ಬಣ್ಣನ ಗಟಗಟ ಅಂತ ಕುಡಿಯಲ್ಲ" ಎಂದ. ನೀರಿಗೆ ಎದ್ದ ನಾರನ್ನು ಉಜ್ಜಿ ತೆಗೆದು, ಮೊದಲೇ ಟೀ ಕಷಾಯ ಮೂರು ಕೈ ಕುಡಿಸಿ ಒಣಗಿಸಿದ್ದ ಇನ್ನೊಂದು ಕುರ್ಚಿಯ ಕಡೆ ತಿರುಗಿದ. ಜಾಡಿಯ ನೀರಿನಲ್ಲಿ ಅದ್ದಿದ ಬಟ್ಟೆ ಹಿಡಿದು ಬೆನ್ನಿನಿಂದ ಶುರುಮಾಡಿದವನು ಕಾಲಿನವರೆಗೆ ಕೈ ಎತ್ತಲಿಲ್ಲ, ಮಾತಾಡಲಿಲ್ಲ. ನಡುವೆ ನಿಲ್ಲಿಸಿದರೆ ನಿಲ್ಲಿಸಿದ ಕಡೆ ಗೆರೆ ಉಳಿಯುತ್ತದಂತೆ. ಬಿಸಿಲಿದ್ದರೆ ಕೈ ಕೆಳಗೆ ಬರುವಷ್ಟರಲ್ಲಿ ಮೇಲಿನದು ಒಣಗುತ್ತದೆ, ಅದಕ್ಕೇ ಮಂಜು ಬೇಕು. ಕಂದು ಮರ ನನ್ನ ಕಣ್ಣೆದುರಿಗೇ ಬೂದಿಯಾಯಿತು, ನೀಲಿಯಾಯಿತು, ಕಪ್ಪಾಯಿತು. ಕೊನೆಗೆ ಕಾಚಿನ ನೀರು ಕೊಟ್ಟು ಬೀಟೆಯ ಕೆಂಪು ತಂದ. ನನಗೆ ಸಂತೋಷವಾಯಿತು. ಇಂಥ ಕೈ ಇರುವವನು ಇಲ್ಲಿಗೆ ಯಾಕೆ ಬಂದ ಎಂಬ ಅನುಮಾನವೂ ಕೂಡಲೇ ಬಂತು.

ಅದು ಬೀಟೆಯ ಕುರ್ಚಿ ಅಲ್ಲವೆಂದು ನನಗೆ ಗೊತ್ತಿತ್ತು. ಉಗ್ರಾಣದಿಂದ ಮರ ತೆಗೆದುಕೊಡುವವನೇ ನಾನು. ಅದು ಕರ್ಪೂರ ಮರ. ಕೆಳಗಿನ ಮೈಸೂರು ಸೀಮೆಯವರು ನೀಲಗಿರಿ ಮರ ಎನ್ನುತ್ತಾರೆ. ನಮ್ಮ ಬೆಟ್ಟದಲ್ಲಿ ಸೌದೆಗೆ ಉರಿಸುವ ಮರ, ತೂಕ ಮಾತ್ರ ಬೀಟೆಯಷ್ಟೇ. ಕಾರ್ಖಾನೆಯ ಮುಂದಿನ ನಮ್ಮ ಅಂಗಡಿಯಲ್ಲಿ ಯಜಮಾನರು ಅದನ್ನೇ ಬೀಟೆ ಎಂದು ದೊರೆಗಳಿಗೆ ಮಾರುತ್ತಿದ್ದರು. ಅದರಲ್ಲಿ ಅನುಮಾನಪಡುವುದಕ್ಕೆ ನನಗೆ ಏನೂ ಕಾಣಲಿಲ್ಲ. ಅದು ವ್ಯಾಪಾರ ಎಂದುಕೊಂಡಿದ್ದೆ.

ಸಿದ್ಧವಾದ ಸಾಮಾನು ಕೊಟ್ಟಿಗೆಯಿಂದ ನೇರವಾಗಿ ಅಂಗಡಿಗೆ ಹೋಗುತ್ತಿತ್ತು, ನನ್ನ ಕೈಗೆ ಸಿಗುತ್ತಿರಲಿಲ್ಲ. ಒಂದು ಸಂಜೆ ಮಾತ್ರ ಸಾಮಾನು ಸಾಗಿಸುವ ಮುಂಚೆ ಕುರ್ಚಿಯೊಂದನ್ನು ನಮ್ಮಪ್ಪನ ಪದ್ಧತಿಯಂತೆ ಮಗುಚಿದೆ. ಕೂರುವ ಹಲಗೆಯ ಅಡಿಯಲ್ಲಿ, ಹಿಂಗಾಲಿನ ಮಗ್ಗುಲಿಗೆ, ಹೆಬ್ಬೆರಳಗಲ ಜಾಗಕ್ಕೆ ಬಣ್ಣವೇ ಬಿದ್ದಿರಲಿಲ್ಲ. ಬಿಳಿ ಮರ ಬೊಟ್ಟಿಟ್ಟ ಹಾಗೆ ಕಾಣುತ್ತಿತ್ತು. ಎರಡನೆಯದನ್ನು ಮಗುಚಿದೆ, ಅದೇ ಜಾಗ, ಅದೇ ಬೊಟ್ಟು. ಹನ್ನೆರಡು ಕುರ್ಚಿಗೂ ಇತ್ತು, ಮೇಜಿಗೂ ಇತ್ತು. ಇಷ್ಟು ಸಮನಾಗಿ ಬಣ್ಣ ಕಟ್ಟುವವನಿಗೆ ಒಂದೇ ಜಾಗ ಹದಿಮೂರು ಸಲ ಮರೆತುಹೋಗುತ್ತದೆಯೇ? ಇದು ಗುರುತು. ಬಟ್ಲರುಗಳಿಗೂ ಇವನಿಗೂ ಒಪ್ಪಂದ. ಬಂಗಲೆಗೆ ಬೀಗ ಬಿದ್ದ ಮೇಲೆ ಯಾವ ಸಾಮಾನು ಎತ್ತಬೇಕೆಂದು ಕತ್ತಲಲ್ಲಿ ತಡವಿ ತಿಳಿಯುವುದಕ್ಕೆ ಇಟ್ಟ ಗುರುತು. ಎರಡು ವರ್ಷದ ನನ್ನ ಅನುಮಾನಕ್ಕೆ ಕೊನೆಗೂ ಕೈಗೆ ಸಿಗುವ ಒಂದು ಸಾಕ್ಷಿ ದೊರಕಿತ್ತು. ಓಡಿಹೋಗಿ ಯಜಮಾನರಿಗೆ ಹೇಳಿದೆ.

ಅವರು ಕುರ್ಚಿ ಮಗುಚಿ ನೋಡಿದರು. ಕೂಗಾಡಲಿಲ್ಲ. ಆ ಬೊಟ್ಟನ್ನು ಉಗುರಿನಿಂದ ಕೆರೆದು ನೋಡಿ, "ಅವನ್ನ ಕರೀರಿ" ಎಂದರು.

ಮೇಸ್ತ್ರಿ ಬಂದ. ನಾನು ಯಜಮಾನರ ಹಿಂದೆ, ಬಾಗಿಲ ಮರೆಯಲ್ಲಿ ನಿಂತಿದ್ದೆ.

"ಇದು ಎನ್ನಪ್ಪ, ಯಾಕೆ ಬಿಟ್ಟಿದ್ದೀಯ?" ಎಂದು ಯಜಮಾನರು ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಕೇಳಿದರು.

"ಮರದ ಗುರ್ತು ಬುದ್ದಿ" ಎಂದ ಅವನು, ಯಾರೋ ದಾರಿ ಕೇಳಿದರೆ ಹೇಳುವ ಹಾಗೆ. "ಬಣ್ಣ ಕಟ್ಟೋನು ಬೊಟ್ಟಗಲ ಮರನ ಬುಟ್ಬುಡಬೇಕು ಅಂತ ನಮ್ಮ ಗುರು ಹೇಳ್ಕೊಟ್ಟವ್ರ. ಜೇನುಮೇಣ ಸವರ್ಬುಟ್ರ ಅಲ್ಲಿಗ ಬಣ್ಣ ಹತ್ತಲ್ಲ. ಮ್ಯಾಲ ಬೀಟೆ ಹಂಗ ಕಾಣ್ಲಿ, ಅಂದಕ್ಕ ತಾನೇ. ತಿರುಗ್ಸಿ ನೋಡ್ದವ್ನಿಗ ಮಾತ್ರ ಸುಳ್ಳೇಳಬಾರ್ದು."

"ಯಾರಪ್ಪ ತಿರುಗ್ಸಿ ನೋಡೋದು?"

"ನೋಡೋರು ನೋಡ್ತಾರ ಬುದ್ದಿ."

ಯಜಮಾನರು ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿದರು. "ಶರಿ. ನಾಳೆಯಿಂದ ನೀನು ವೇಲೆಗೆ ಬರಬೇಡ."

ಅವನಿಗೆ ಅರ್ಥವಾಗಲಿಲ್ಲವೆಂದು ತೋರುತ್ತದೆ. ನನಗೆ ಅರ್ಥವಾಗಿತ್ತು. ಆ ಬೊಟ್ಟು ಕಳ್ಳರ ಗುರುತಲ್ಲ, ಕಳ್ಳತನ ಇದ್ದದ್ದು ಮುಂದಿನ ಅಂಗಡಿಯಲ್ಲಿ. ಇದನ್ನು ಹೇಳಲು ನಾನು ಬಾಗಿಲ ಮರೆಯಿಂದ ಎರಡು ಹೆಜ್ಜೆ ಮುಂದೆ ಬರಬೇಕಾಗಿತ್ತು. ಬರಲಿಲ್ಲ.

ಹೊರಡುವಾಗ ಉಗ್ರಾಣಕ್ಕೆ ಬಂದು ಕೊಟ್ಟಿಗೆಯ ಬೀಗದ ಕೈ ಕೊಟ್ಟ. "ಜಾಡಿ ನಿಮ್ ವಶ ಬುದ್ದಿ. ಹದಿನೈದು ದಿನಕ್ಕೊಂದಪ ಬೆಲ್ಲ ಹಾಕಿ, ಸಾಯಲ್ಲ. ಕುಡೀಬ್ಯಾಡಿ ಮಾತ್ರ." ಆಗಲೂ ನಗಲಿಲ್ಲ, ಆದರೆ ಕಣ್ಣಿನಲ್ಲಿ ನಗು ಇತ್ತು ಎಂದು ಈಗ ಅನ್ನಿಸುತ್ತದೆ.

ಬೊಟ್ಟುಗಳನ್ನು ಅಳಿಸುವ ಕೆಲಸ ನನ್ನ ಪಾಲಿಗೆ ಬಂತು. ಟೀ ಹಚ್ಚಿದೆ, ಜಾರಿತು. ಜಾಡಿಯ ನೀರು ಹಚ್ಚಿದೆ, ಮಣಿಮಣಿಯಾಗಿ ನಿಂತಿತು. ಜೇನುಮೇಣ ಮರದೊಳಕ್ಕೆ ಇಳಿದುಬಿಟ್ಟಿತ್ತು. ಚಾಕುವಿನಿಂದ ಕೆರೆದು ಮತ್ತೆ ಹಚ್ಚಿದರೆ ಕಪ್ಪಾಗುವ ಬದಲು ಹಸಿರು ಬೂದಿಯ ಕಲೆಯಾಯಿತು. ಮೊದಲು ಬೊಟ್ಟು ಹುಡುಕಿದವರಿಗೆ ಕಾಣುತ್ತಿತ್ತು. ನಾನು ಕೈಯಾಡಿಸಿದ ಮೇಲೆ ಕುರ್ಚಿ ಎತ್ತಿ ಆಚೆಗಿಡುವ ಆಳಿಗೂ ಕಾಣುವಂತಾಯಿತು. ಹಾಗೇ ಸಾಗಿಸಿದೆವು.

ಕೊಂಡವರ ಮನೆಗೆ ಊಟಕ್ಕೆ ಬಂದ ಅತಿಥಿಗಳಲ್ಲಿ ಒಬ್ಬರು ಕಾಡಿನ ಇಲಾಖೆಯಲ್ಲಿ ತಲೆ ನರೆಸಿದ ದೊರೆ. ಊಟ ಮುಗಿದ ಮೇಲೆ ಆಳುಗಳು ನೆಲ ಗುಡಿಸಲು ಮಗುಚಿಟ್ಟ ಕುರ್ಚಿಯ ಅಡಿಯಲ್ಲಿ ಕಲೆ ಕಂಡು, ಜೇಬಿನ ಚಾಕುವಿನಿಂದ ಇನ್ನಷ್ಟು ಕೆರೆದು, ಇದು ಕರ್ಪೂರ ಮರ ಎಂದುಬಿಟ್ಟರು. ಮಾರನೆಯ ದಿನವೇ ಹದಿಮೂರು ಸಾಮಾನೂ ಅಂಗಡಿಯ ಮುಂದೆ ಬಂದು ಬಿದ್ದವು.

ಯಜಮಾನರು ನನ್ನನ್ನು ಒಳಗೆ ಕರೆದು ಕೂರಿಸಿದರು. ಅವರು ನನಗೆ ಕುರ್ಚಿ ಕೊಟ್ಟದ್ದು ಅದೇ ಮೊದಲು.

"ನೀವು ಬೀಟೆ ಮರ ಕೊಟ್ಟಿರಿ. ಅವನು ಮಾರಿಕೊಂಡು ಕರ್ಪೂರ ಮರಕ್ಕೆ ಬಣ್ಣ ಬಳಿದ. ನಾವು ಕಂಡುಹಿಡಿದು ಓಡಿಸಿದೆವು. ಇಷ್ಟೇ. ಉಗ್ರಾಣ ನಿಮ್ಮದು, ನೀವು ಬರೆದರೇ ನಂಬ್ತಾರೆ."

ನಾನು ಬರೆದೆ. ನಡುವೆ ನಿಲ್ಲಿಸಿದರೆ ಮತ್ತೆ ಮುಂದುವರಿಸಲು ಆಗುತ್ತಿರಲಿಲ್ಲ, ಅದಕ್ಕೇ ಒಂದೇ ಉಸಿರಿಗೆ ಬರೆದೆ. ಬರೆಯದಿದ್ದರೆ ಬೀಗದ ಕೈ ಸೊಂಟದಿಂದ ಹೋಗುತ್ತಿತ್ತು ಎಂಬುದು ನಿಜ. ಭಯವಾಯಿತು ಎಂಬುದೂ ನಿಜ. ಆದರೆ ಇನ್ನೂ ಒಂದು ಮಾತಿದೆ, ಅದನ್ನು ಹೇಳಲು ನಾಚಿಕೆಯಾಗುತ್ತದೆ. ಇಷ್ಟು ದಿನ ಅವನನ್ನು ಅನುಮಾನಿಸಿದ್ದು ದಂಡವಾಗಲಿಲ್ಲ ಎಂಬ ಒಂದು ಸಮಾಧಾನ ಆ ಕಾಗದ ಬರೆಯುವಾಗ ನನಗಿತ್ತು. ಆ ಕಾಗದ ಬಂಗಲೆಯಿಂದ ಬಂಗಲೆಗೆ ಹೋಯಿತು. ಅವನಿಗೆ ಚರಟ ಎತ್ತಿಡುತ್ತಿದ್ದ ಬಟ್ಲರುಗಳು ಕದ ಹಾಕಿಕೊಂಡರು. ಇಡೀ ಊರಿನಲ್ಲಿ ಅವನಿಗೆ ಒಂದು ಸ್ಟೂಲಿಗೆ ಬಣ್ಣ ಕಟ್ಟುವ ಕೆಲಸವೂ ಹುಟ್ಟಲಿಲ್ಲ. ತಿಂಗಳೊಳಗೆ ಘಾಟಿ ಇಳಿದುಹೋದ ಎಂದು ಕೇಳಿದೆ.

ಏಳೆಂಟು ವರ್ಷದ ಮೇಲೆ ನೆಂಟರ ಮನೆಯ ನಿಶ್ಚಿತಾರ್ಥಕ್ಕೆಂದು ಮಸಿನಗುಡಿಗೆ ಹೋಗಿದ್ದೆ. ರಸ್ತೆಯ ಬದಿಯಲ್ಲಿ, ರಣಬಿಸಿಲಿನಲ್ಲಿ, ಒಬ್ಬ ಮುದುಕ ಮಂಚದ ಕಾಲು ಕೆತ್ತುತ್ತಾ ಕೂತಿದ್ದ. ಇಳಿಜಾರು ಹೆಗಲಿನಿಂದ ಗುರುತು ಹಿಡಿದೆ. ತಿರುಗಿ ಬೇರೆ ದಾರಿ ಹಿಡಿಯುವಷ್ಟರಲ್ಲಿ ಅವನೇ ಕರೆದ.

"ಉಗ್ರಾಣದ ಬುದ್ದಿಯೋರಲ್ವಾ? ಬನ್ನಿ, ನೆಳ್ಳಿಗ ಬನ್ನಿ."

ಅವನ ಕೈ ನೋಡಿದೆ. ಉಗುರುಗಳು ಬೆಳ್ಳಗಿದ್ದವು.

"ಬಣ್ಣ ಕಟ್ಟೋದಿಲ್ವಾ ಈಗ?"

"ಇಲ್ಲಿ ಮಂಜು ಎಲ್ಲದ ಬುದ್ದಿ? ಬರೀ ಬಿಸ್ಲು. ಬಣ್ಣ ಕೂರಲ್ಲ" ಎಂದ. ಒಳಗಿನಿಂದ ಟೀ ತರಿಸಿದ. ನಾನು ಲೋಟ ಹಿಡಿದು, ಇವನು ಏನು ಕೇಳುತ್ತಾನೋ, ಇವನಿಗೆ ಎಷ್ಟು ಗೊತ್ತೋ ಎಂದು ಅವನ ಮುಖವನ್ನೇ ಕಾಯುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನದಿದ್ದರೂ ನನ್ನ ಕೈ ಹೆಗಲಿಗೆ ಹೋಗುತ್ತಿತ್ತು. ಅವನಾಗಿಯೇ ಆ ಮಾತು ತೆಗೆದ.

"ನನ್ ಹೆಸ್ರು ಬರ್ದು ಯಾರೋ ಒಂದು ಕಾಗ್ದ ಮಾಡುದ್ರಂತ. ಒಬ್ಬ ಬಟ್ಲರು ಹೇಳ್ದ. ಕೆಳಗ ಯಾರ ರುಜು ಅಂತ ಅವ್ನಿಗೂ ತಿಳೀನಿಲ್ಲ, ನಂಗೂ ಓದಕ ಬರಲ್ಲ. ಮರ ಕುಯ್ಯೋನು ಇರ್ಬೈದು ಅಂದ್ಕಂಡಿ. ಕುರ್ಚಿ ಕಾಲ ಕಡೆಯೋ ಕಡೆಚಲು ಕೆಲ್ಸದೋನು ಇರ್ಬೈದು ಅಂದ್ಕಂಡಿ. ಬೆಟ್ಟ ಇಳಿಯೋಗಂಟ ಎಲ್ಲಾರ್ ಮ್ಯಾಲೂ ಅನುಮಾನ. ಅನುಮಾನ ಪಡೋದು ಎಂಥಾ ಕಷ್ಟದ ಕೆಲ್ಸ ಬುದ್ದಿ, ನಿದ್ದ ಬರಲ್ಲ."

ನಾನು ಟೀ ಕುಡಿದೆ.

"ನಿಮ್ ಮ್ಯಾಲ ಮಾತ್ರ ಬರ್ನಿಲ್ಲ. ನೀವು ಒಬ್ರೇಯ ಅಲ್ಲಿ ತಿರುಗ್ಸಿ ನೋಡೋ ಮನ್ಸ."

ಆಗಲಾದರೂ ಹೇಳಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು. ಲೋಟ ಕೆಳಗಿಟ್ಟು, ನೆಂಟರು ಕಾಯುತ್ತಾರೆ ಎಂದು ಎದ್ದೆ. ಅವನು ಒಳಗೆ ಹೋಗಿ ಒಂದು ಮಣೆ ತಂದ. ಕಪ್ಪು ಮಣೆ, ಬೀಟೆಯ ಕೆಂಪು ಛಾಯೆ, ಎಲ್ಲೂ ಒಂದು ಗೆರೆಯಿಲ್ಲ. "ಹೋದ ತಿಂಗ್ಳು ಒಂದಿನ ಜಿಡಿಮಳ ಹಿಡ್ಕಂಡಿತ್ತು. ಕೈ ಸುಮ್ಕ ಇರ್ನಿಲ್ಲ. ಅಮ್ಮೋರ್ಗ ಕೊಡಿ" ಎಂದ.

ಹೆಂಡತಿ ಆ ಮಣೆಯ ಮೇಲೆ ಕೂತು ತರಕಾರಿ ಹೆಚ್ಚುತ್ತಾ ಬಂದಿದ್ದಾಳೆ. ಸಿಕ್ಕಿದ್ದನ್ನೆಲ್ಲ ಮಗುಚುವ ನಾನು ಅದೊಂದನ್ನು ಮಾತ್ರ ಮಗುಚಿರಲಿಲ್ಲ. ಆ ರುಜು ನನ್ನದೆಂದು ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲವೇ, ಇಲ್ಲವೇ ಗೊತ್ತಿದ್ದೇ ಆ ಮಾತು ಹೇಳಿದನೇ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ. ನನ್ನ ಆಯುಷ್ಯದ ಅನುಮಾನಗಳಲ್ಲೆಲ್ಲ ನನಗೆ ನೋವು ಕೊಟ್ಟದ್ದು ಇದೊಂದೇ.

ಮೊನ್ನೆ ಮಸಿನಗುಡಿಯಿಂದ ಬಂದ ನೆಂಟರ ಹುಡುಗಿ ಮಾತಿನ ನಡುವೆ ಮೇಸ್ತ್ರಿ ತೀರಿಕೊಂಡ ಸುದ್ದಿ ಹೇಳಿದಳು. ಅವಳು ಹೋದ ಮೇಲೆ ಅಡಿಗೆಮನೆಗೆ ಹೋಗಿ ಮಣೆ ಎತ್ತಿ ಮಗುಚಿದೆ. ಮೂಲೆಯಲ್ಲಿ ಹೆಬ್ಬೆರಳಗಲ ಬಿಳಿ ಬೊಟ್ಟು ಇತ್ತು. ಕರ್ಪೂರ ಮರ. ಬೇರೆ ಏನಾದರೂ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿದೆ. ಏನೂ ಇರಲಿಲ್ಲ.

"ಏನ್ ಹುಡುಕ್ತಿದ್ದೀರಿ ಅದರಲ್ಲಿ?" ಎಂದಳು ಹೆಂಡತಿ.

ಅವಳಿಗೆ ಎಲ್ಲವನ್ನೂ ಹೇಳಿದೆ. ಬೊಟ್ಟು, ಬಾಗಿಲ ಮರೆ, ಕಾಗದ, ರುಜು, ಯಾವುದನ್ನೂ ಬಿಡಲಿಲ್ಲ. ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಿ ಪೂರಾ ಕೇಳಿದಳು.

"ಇದನ್ನ ನನಗ್ಯಾಕೆ ಹೇಳ್ತೀರ? ಅವರಿಗಲ್ವಾ ಹೇಳಬೇಕಿತ್ತು" ಎಂದು ನನ್ನ ಕೈಯಿಂದ ಮಣೆ ತೆಗೆದುಕೊಂಡಳು. ಅದನ್ನು ನೆಟ್ಟಗೆ ಹಾಕಿದಳು, ಆದರೆ ಆವತ್ತು ಅದರ ಮೇಲೆ ಕೂರಲಿಲ್ಲ. ಬರೀ ನೆಲದ ಮೇಲೆ ಕೂತು ಸೊಪ್ಪು ಸೋಸಿದಳು.